ಗ್ಯಾಂಗ್‌ಸ್ಟರ್ ಚಿತ್ರಗಳಿಂದಲೂ ದೆವ್ವದ ಚಿತ್ರಗಳಿಂದಲೂ ಭಯ ಎಲ್ಲಿಗೆ ಹೋಯಿತು?

ಎರಡನೇ ಆಟ

ರೌಡಿಗಳ ಚಿತ್ರ ಮತ್ತು ದೆವ್ವದ ಚಿತ್ರ, ಈ ಎರಡನ್ನೂ ನಾನು ಬಹಳ ಕಾಲದಿಂದ ಬಿಡದೆ ನೋಡುತ್ತ ಬಂದಿದ್ದೇನೆ. ಎರಡರ ಬಂಡವಾಳವೂ ಭಯವೇ ಎಂಬುದು ನನ್ನ ಅಭಿಪ್ರಾಯ. ಒಂದರಲ್ಲಿ ಮನುಷ್ಯನಿಗೆ ಮನುಷ್ಯನ ಭಯ, ಇನ್ನೊಂದರಲ್ಲಿ ಕಣ್ಣಿಗೆ ಕಾಣದ್ದರ ಭಯ. ಈಚೆಗೆ ಎರಡೂ ಬಗೆಯ ಚಿತ್ರಗಳು ಹಣ ಮಾಡುತ್ತಿವೆ, ಆದರೆ ಹೆದರಿಸುವುದನ್ನು ಬಿಟ್ಟಿವೆ. ಗ್ಯಾಂಗ್‌ಸ್ಟರ್ ಚಿತ್ರದ ನಾಯಕನಿಗೆ ಯಾರ ಹೆದರಿಕೆಯೂ ಇಲ್ಲ. ದೆವ್ವದ ಚಿತ್ರದಲ್ಲಿ ದೆವ್ವಕ್ಕಿಂತ ಮೊದಲು ಹಾಸ್ಯನಟ ಬಂದು ನಿಂತಿರುತ್ತಾನೆ.

1998ರಲ್ಲಿ ಬಂದ ರಾಮ್ ಗೋಪಾಲ್ ವರ್ಮಾ ಅವರ ‘ಸತ್ಯ’ದ ಒಂದು ದೃಶ್ಯವನ್ನು ನೆನಪಿಸುತ್ತೇನೆ. ಸತ್ಯ ತಾನು ಪ್ರೀತಿಸುವ ವಿದ್ಯಾಳೊಂದಿಗೆ ಸಿನಿಮಾ ನೋಡಲು ಹೋಗಿರುತ್ತಾನೆ. ಸುಳಿವು ಸಿಕ್ಕ ಪೊಲೀಸರು ಚಿತ್ರಮಂದಿರದ ಒಂದು ಬಾಗಿಲನ್ನು ಬಿಟ್ಟು ಉಳಿದವನ್ನು ಮುಚ್ಚಿಸುತ್ತಾರೆ. ಹಿಡಿಯಲು ಬಂದವರಿಂದ ತಪ್ಪಿಸಿಕೊಳ್ಳುವುದಕ್ಕಿಂತ, ತಾನು ಯಾರೆಂಬುದು ಪಕ್ಕದಲ್ಲಿರುವವಳಿಗೆ ತಿಳಿಯದಂತೆ ನೋಡಿಕೊಳ್ಳುವುದೇ ಅವನಿಗೆ ದೊಡ್ಡದಾಗಿ ಕಾಣುತ್ತದೆ. ಅವನು ಗುಂಡು ಹಾರಿಸುತ್ತಾನೆ, ಜನ ಇರುವ ಒಂದೇ ಬಾಗಿಲಿಗೆ ನುಗ್ಗುತ್ತಾರೆ, ಕಾಲ್ತುಳಿತದಲ್ಲಿ ಅಮಾಯಕರು ಸಾಯುತ್ತಾರೆ. ಅದನ್ನು ನೋಡುವ ನಾವೂ ಅಂಥದೇ ಬಾಗಿಲುಗಳ ನಡುವೆ ಕುಳಿತಿರುತ್ತೇವೆ. ನಾಯಕನ ಭಯ ನಮಗೆ ದಾಟುವುದು ಹೀಗೆ.

ಅದಕ್ಕೂ ಮೊದಲು, 1989ರ ‘ಪರಿಂದಾ’ದಲ್ಲಿ ನಾನಾ ಪಾಟೇಕರ್ ಮಾಡಿದ ಅಣ್ಣಾ ಸೇಠ್‌ಗೆ ಬೆಂಕಿ ಕಂಡರೆ ನಡುಕ. ಊರನ್ನೇ ನಡುಗಿಸುವವನು ಒಂದು ಕಿಡಿಗೆ ನಡುಗುತ್ತಾನೆ. ಇಂದಿನ ಚಿತ್ರಗಳಲ್ಲಿ ಇಂಥ ಒಬ್ಬನನ್ನಾದರೂ ತೋರಿಸಿ ಎಂದು ಕೇಳುತ್ತಿದ್ದೇನೆ. ನಿಮ್ಮನ್ನು ನಿಜವಾಗಿ ಹೆದರಿಸಿದ ಭಾರತೀಯ ಚಿತ್ರ ಯಾವುದು, ಅದು ಹೆದರಿಸಿದ್ದು ಯಾವುದರಿಂದ ಎಂಬುದನ್ನೂ ಬರೆಯಿರಿ.

ಗಾಂಧಿ ಕ್ಲಾಸ್

‘ಓಂ’ ಚಿತ್ರದ ಹೆಸರೆತ್ತದೆ ಈ ಚರ್ಚೆಯನ್ನು ಆರಂಭಿಸಿದ್ದು ನನಗೆ ಸರಿ ಕಾಣಲಿಲ್ಲ.

ಉರಿಗಾಂ

ನೀವು ಹೆಸರು ಹೇಳದಿದ್ದರೂ ಗುರಿ ‘ಕೆಜಿಎಫ್’ ಎಂಬುದು ಸ್ಪಷ್ಟವಾಗಿದೆ, ಆದ್ದರಿಂದ ಉತ್ತರಿಸುತ್ತೇನೆ. ಆ ಚಿತ್ರವನ್ನು ‘ಸತ್ಯ’ದ ಅಳತೆಗೋಲಿನಿಂದ ಅಳೆಯುವುದು ನ್ಯಾಯವಲ್ಲ. ಮೊದಲ ಭಾಗದಲ್ಲಿ ರಾಕಿಯ ಕಥೆಯನ್ನು ನಮಗೆ ಹೇಳುವವರು ಅನಂತನಾಗ್ ಅಭಿನಯಿಸಿದ ಪತ್ರಕರ್ತ ಆನಂದ ಇಂಗಳಗಿ. ನಾವು ನೋಡುತ್ತಿರುವುದು ನಡೆದದ್ದನ್ನಲ್ಲ, ಒಬ್ಬ ಮನುಷ್ಯ ಮನಸೋತು ಹೇಳುತ್ತಿರುವುದನ್ನು. ಊರ ಜಾತ್ರೆಯಲ್ಲಿ ಹೇಳುವ ವೀರನ ಕಥೆಯಲ್ಲಿ ವೀರ ಹೆದರುವುದಿಲ್ಲ, ಕೇಳುವವರೂ ಅದನ್ನು ನಿರೀಕ್ಷಿಸುವುದಿಲ್ಲ. ಭಯ ಅಲ್ಲಿಯೂ ಇದೆ, ಆದರೆ ಅದು ನಾಯಕನಲ್ಲಿಲ್ಲ, ಗಣಿಯೊಳಗೆ ದುಡಿಯುವ ಜೀತದಾಳುಗಳಲ್ಲಿದೆ.

ಆದರೂ ಚಿನ್ನದ ಗಣಿಯ ಊರಿನವನಾಗಿ ನನಗೆ ಬೇರೆಯದೇ ಒಂದು ನೋವಿದೆ. ನಮ್ಮ ಹಿರಿಯರು ಭೂಮಿಯೊಳಗೆ ಇಳಿದು ಪಟ್ಟ ಹೆದರಿಕೆ ಯಾವ ಗ್ಯಾಂಗ್‌ಸ್ಟರ್ ಕಥೆಗೂ ಕಡಿಮೆಯದಲ್ಲ. ಕಲ್ಲಿನ ಒತ್ತಡ ತಾಳದೆ ಬಂಡೆಗಳು ಒಮ್ಮೆಲೇ ಸಿಡಿಯುತ್ತಿದ್ದವು, ಮೇಲಿನ ಮನೆಗಳೂ ಅದುರುತ್ತಿದ್ದವು. ಕಲ್ಲಿನ ಧೂಳಿನಿಂದ ಶ್ವಾಸಕೋಶ ಹಾಳಾದವರಿದ್ದಾರೆ. 2001ರಲ್ಲಿ ಗಣಿ ಮುಚ್ಚಿದಾಗ ಆ ಮನೆಗಳಲ್ಲಿ ಹುಟ್ಟಿದ ದಿಗಿಲು ಯಾವ ಚಿತ್ರದಲ್ಲಿಯೂ ಬಂದಿಲ್ಲ. ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಸಯನೈಡ್ ಗುಡ್ಡಗಳು ಪರದೆಯ ಮೇಲೆ ಸುಂದರವಾಗಿ ಕಂಡವು, ನನಗೂ ಹೆಮ್ಮೆಯಾಯಿತು. ಆದರೆ ಗಾಳಿ ಬಂದಾಗ ಆ ಗುಡ್ಡಗಳ ಧೂಳನ್ನು ಉಸಿರಾಡುವವರ ಕಥೆಗೆ ಇನ್ನೂ ಯಾರೂ ಕ್ಯಾಮೆರಾ ಇಟ್ಟಿಲ್ಲ.

ಗಾಂಧಿ ಕ್ಲಾಸ್

ಒಂದೇ ಸಾಲಿನಲ್ಲಿ ಬರೆದು ಸುಮ್ಮನಿರುವುದು ಸರಿಯಲ್ಲವೆನಿಸಿ ವಿವರವಾಗಿ ಬರೆಯುತ್ತಿದ್ದೇನೆ.

1995ರಲ್ಲಿ ಉಪೇಂದ್ರ ನಿರ್ದೇಶಿಸಿದ ‘ಓಂ’ ಬರುವ ಮೊದಲು ನಮ್ಮ ಚಿತ್ರಗಳಲ್ಲಿ ರೌಡಿ ಎಂದರೆ ಬನಿಯನ್ ತೊಟ್ಟು, ಕೊರಳಿಗೆ ಕರವಸ್ತ್ರ ಕಟ್ಟಿಕೊಂಡು, ನಾಯಕನಿಂದ ಪೆಟ್ಟು ತಿನ್ನಲೆಂದೇ ಬರುವವನು. ‘ಓಂ’ನಲ್ಲಿ ಪುರೋಹಿತರ ಮನೆಯ ಹುಡುಗ ಲಾಂಗ್ ಹಿಡಿದ. ಶಿವರಾಜ್‌ಕುಮಾರ್ ಅವರಂಥ ನಟನ ಕೈಯಲ್ಲಿ ಅದನ್ನು ಕಂಡಾಗ ಚಿತ್ರಮಂದಿರದ ಮುಂದಿನ ಸಾಲುಗಳಲ್ಲಿ ಶಿಳ್ಳೆ ಬಿದ್ದದ್ದು ನಿಜ, ಆದರೆ ಬಾಲ್ಕನಿಯಲ್ಲಿ ಕುಳಿತಿದ್ದ ಸಂಸಾರಸ್ಥರು ತಮ್ಮ ಮಗನೂ ಹೀಗಾಗಬಹುದೇ ಎಂದು ದಿಗಿಲುಗೊಂಡದ್ದೂ ನಿಜ. ಬೆಂಗಳೂರಿನ ಭೂಗತ ಲೋಕದಲ್ಲಿದ್ದ ನಿಜವಾದ ವ್ಯಕ್ತಿಗಳನ್ನೇ ಆ ಚಿತ್ರದಲ್ಲಿ ತೋರಿಸಲಾಯಿತು. ಅವರಿಗೆ ಅಭಿನಯ ಬರುತ್ತಿರಲಿಲ್ಲ. ಅವರು ಸುಮ್ಮನೆ ನಿಂತು ನೋಡುವ ರೀತಿಯಲ್ಲಿಯೇ ಒಂದು ಅಪಾಯವಿತ್ತು, ಅದನ್ನು ಯಾವ ನಟನೂ ಅಷ್ಟು ಸುಲಭವಾಗಿ ತರಲಾರ.

ಆನಂತರ 2007ರಲ್ಲಿ ಅಗ್ನಿ ಶ್ರೀಧರ್ ನಿರ್ದೇಶನದಲ್ಲಿ ‘ಆ ದಿನಗಳು’ ಬಂತು. ಅದರಲ್ಲಿ ಹೊಡೆದಾಟ ಕಡಿಮೆ, ಕಾಯುವಿಕೆ ಹೆಚ್ಚು. ಒಬ್ಬನನ್ನು ಕೊಲ್ಲಬೇಕೆಂದು ತೀರ್ಮಾನಿಸಿದವರು ಅವನೊಂದಿಗೇ ಕುಳಿತು ಊಟ ಮಾಡುತ್ತ, ಮಾತನಾಡುತ್ತ, ಸಮಯಕ್ಕಾಗಿ ಕಾಯುವಾಗ ಹುಟ್ಟುವ ಉಸಿರುಗಟ್ಟುವಿಕೆ ನನ್ನನ್ನು ಹೆದರಿಸಿತು.

ಅಕ್ಷರಪ್ರೇಮಿ

ಒಂದು ತಿದ್ದುಪಡಿ. ‘ಆ ದಿನಗಳು’ ಚಿತ್ರದ ನಿರ್ದೇಶಕರು ಕೆ.ಎಂ. ಚೈತನ್ಯ. ಅಗ್ನಿ ಶ್ರೀಧರ್ ಅವರ ಆತ್ಮಕಥನ ಅದಕ್ಕೆ ಆಧಾರ, ಚಿತ್ರಕಥೆಯಲ್ಲಿ ಅವರೊಂದಿಗೆ ಗಿರೀಶ್ ಕಾರ್ನಾಡರೂ ಕೆಲಸ ಮಾಡಿದರು, ಸಂಗೀತ ಇಳಯರಾಜ ಅವರದು. ಭೂಗತ ಲೋಕದ ಕೊತ್ವಾಲನ ಪಾತ್ರದಲ್ಲಿ ಶರತ್ ಲೋಹಿತಾಶ್ವ ಅವರನ್ನು ಕಂಡವರು ಮರೆಯುವುದು ಸಾಧ್ಯವಿಲ್ಲ. ನಾಟಕ ಬರೆದು ಪಳಗಿದ ಕೈ ಚಿತ್ರಕಥೆಯ ಹಿಂದಿದ್ದುದರಿಂದಲೇ ಅಲ್ಲಿನ ಮೌನಗಳಿಗೆ ತೂಕ ಬಂದಿದೆ ಎಂದು ನಾನು ಭಾವಿಸುತ್ತೇನೆ.

ಮಲೆನಾಡ ಮಂಜು

ಎಲ್ಲರೂ ಮಚ್ಚು ಲಾಂಗುಗಳಲ್ಲಿಯೇ ಉಳಿದಿದ್ದೀರಿ, ದೆವ್ವದ ಕಡೆಗೂ ಬನ್ನಿ.

ಕನ್ನಡದಲ್ಲಿ ಗೆದ್ದ ದೆವ್ವದ ಚಿತ್ರಗಳನ್ನು ಗಮನಿಸಿದರೆ ಒಂದು ವಿಚಿತ್ರ ಕಾಣುತ್ತದೆ. 1993ರ ‘ಶ್!’ ಚಿತ್ರದಲ್ಲಿ ದೆವ್ವದ ಹಿಂದೆ ಇದ್ದದ್ದು ಮನುಷ್ಯರು. 2004ರ ‘ಆಪ್ತಮಿತ್ರ’ದಲ್ಲಿ ನಾಗವಲ್ಲಿ ಎಂಬ ದೆವ್ವ ನಿಜವಾಗಿ ಗಂಗಾ ಎಂಬ ಹೆಂಗಸಿನ ಮನಸ್ಸಿನ ಕಾಯಿಲೆ, ಅದನ್ನು ಬಿಡಿಸಿ ಹೇಳಲು ವಿಷ್ಣುವರ್ಧನ್ ಮನೋವೈದ್ಯರಾಗಿ ಬರುತ್ತಾರೆ. 2015ರ ‘ರಂಗಿತರಂಗ’ದಲ್ಲಿಯೂ ಕೊನೆಗೆ ತಿಳಿಯುವುದು ಮನುಷ್ಯನ ಕೈವಾಡವೇ. ಹೀಗೆ ಎರಡು ಗಂಟೆ ಹೆದರಿಸಿ, ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಹೆದರಿಕೆಗೆ ಕಾರಣ ಕೊಟ್ಟು ಪ್ರೇಕ್ಷಕನನ್ನು ಮನೆಗೆ ಕಳುಹಿಸುವುದು ನಮ್ಮವರ ಪದ್ಧತಿಯಾಗಿದೆ. ಕಾರಣ ಸಿಕ್ಕ ಮೇಲೆ ರಾತ್ರಿ ನಿದ್ದೆ ಚೆನ್ನಾಗಿಯೇ ಬರುತ್ತದೆ. ದೆವ್ವದ ಚಿತ್ರಕ್ಕೆ ಅದು ಸೋಲು.

ಇದಕ್ಕೆ ಹೊರತಾದದ್ದು 1979ರ ‘ನಾ ನಿನ್ನ ಬಿಡಲಾರೆ’. ಅಲ್ಲಿ ದೆವ್ವ ನಿಜವಾಗಿಯೂ ದೆವ್ವ, ಅದು ಹಿಡಿಯುವುದು ಗಂಡಸನ್ನು. ಅನಂತನಾಗ್ ಅವರ ಮುಖದಲ್ಲಿ, ಯಾವ ಮುಖವಾಡವೂ ಬಣ್ಣವೂ ಇಲ್ಲದೆ, ಇನ್ನೊಬ್ಬರು ಬಂದು ಕುಳಿತದ್ದು ಗೊತ್ತಾಗುತ್ತದೆ. ಆ ಚಿತ್ರ ಟಿವಿಯಲ್ಲಿ ಬಂದಾಗ ನಮ್ಮ ಮನೆಯಲ್ಲಿ ಹಿರಿಯರೇ ಎದ್ದು ಹೋಗಿ ಹಿತ್ತಿಲ ಬಾಗಿಲು ಹಾಕಿದೆಯೇ ಎಂದು ನೋಡಿ ಬರುತ್ತಿದ್ದರು.

ಡಬಲ್ ರೋಡ್

2016ರ ‘ಯೂ ಟರ್ನ್’ ಚಿತ್ರವನ್ನು ಮರೆತಿರಿ. ಪವನ್ ಕುಮಾರ್ ಅದರಲ್ಲಿ ಯಾವ ವೈದ್ಯಕೀಯ ಕಾರಣವನ್ನೂ ಕೊಡುವುದಿಲ್ಲ. ಫ್ಲೈಓವರ್ ಮೇಲೆ ಅಡ್ಡ ಇಟ್ಟ ಕಲ್ಲುಗಳನ್ನು ಸರಿಸಿ ಬೈಕ್ ತಿರುಗಿಸಿಕೊಂಡು ಹೋಗುವವರು ಸಾಯುತ್ತಾರೆ. ನಾನು ಅದೇ ದಾರಿಯಲ್ಲಿ ಕೆಲಸಕ್ಕೆ ಓಡಾಡುವವನು. ಪಾಳು ಬಂಗಲೆ ಬೇಡ, ಬಿಳಿ ಸೀರೆ ಬೇಡ, ಎಲ್ಲರೂ ಮಾಡುವ ಒಂದು ಸಣ್ಣ ತಪ್ಪು ಸಾಕು. ಹಾಡುಹಗಲಿನಲ್ಲಿ, ವಾಹನಗಳ ಗದ್ದಲದ ನಡುವೆ ಬೆನ್ನು ತಣ್ಣಗಾಗುವಂತೆ ಮಾಡಿದ ಕನ್ನಡ ಚಿತ್ರ ಅದೊಂದೇ.

ಶಾಲ್ಮಲೆ ತೀರ

ಇಲ್ಲಿಯವರೆಗೆ ಯಾರೂ ಹೇಳದ ಒಂದು ವಿಷಯವನ್ನು ನಾನು ಹೇಳಬೇಕಾಗಿದೆ. ಗ್ಯಾಂಗ್‌ಸ್ಟರ್ ಚಿತ್ರದಲ್ಲಿ ಹೆಣ್ಣು ಬಾಗಿಲಲ್ಲಿ ನಿಂತು ಕಾಯುತ್ತಾಳೆ, ದೆವ್ವದ ಚಿತ್ರದಲ್ಲಿ ಹೆಣ್ಣು ಸತ್ತ ಮೇಲೆ ಮಾತನಾಡುತ್ತಾಳೆ. ನಾಗವಲ್ಲಿ ಒಬ್ಬ ನರ್ತಕಿ, ಅವಳು ಪ್ರೀತಿಸಿದವನನ್ನು ಕೊಂದವನು ಅಧಿಕಾರದಲ್ಲಿದ್ದವನು. ಅವಳು ಬದುಕಿದ್ದಾಗ ಅವಳ ದೂರನ್ನು ಕೇಳುವವರಿರಲಿಲ್ಲ. ಸತ್ತು ಇನ್ನೊಬ್ಬ ಹೆಂಗಸಿನ ಮೈಮೇಲೆ ಬಂದಾಗ ಇಡೀ ಮನೆ ಸೇರಿ ಅವಳನ್ನು ಓಡಿಸುವ ಉಪಾಯ ಹುಡುಕುತ್ತದೆ. ಕೊಂದವನನ್ನು ಕುರಿತು ಯಾರೂ ಅಷ್ಟು ಚಿಂತಿಸುವುದಿಲ್ಲ. ನೀವು ಹೆದರುವ ಜಾಗದಲ್ಲಿ ನನಗೆ ಅಳು ಬರುತ್ತದೆ.

ಗ್ಯಾಂಗ್‌ಸ್ಟರ್ ಚಿತ್ರಗಳ ಪೈಕಿ, ‘ಸತ್ಯ’ದಲ್ಲಿ ಭೀಕು ಮ್ಹಾತ್ರೆಯ ಹೆಂಡತಿ ಪ್ಯಾರಿಯಾಗಿ ಶೆಫಾಲಿ ಶಾ ಅವರನ್ನು ಮಾತ್ರ ನಾನು ಒಪ್ಪುತ್ತೇನೆ. ಅವಳು ಗಂಡನೊಂದಿಗೆ ಜಗಳವಾಡುತ್ತಾಳೆ, ಬೈಯುತ್ತಾಳೆ, ಅವನ ತಲೆಯ ಮೇಲಿನ ಕತ್ತಿ ತನ್ನ ತಲೆಯ ಮೇಲೂ ಇದೆ ಎಂಬುದನ್ನು ತಿಳಿದಿರುತ್ತಾಳೆ. ಪರದೆಯ ಮೇಲೆ ಇರುವುದು ಸ್ವಲ್ಪ ಹೊತ್ತು, ಆದರೂ ಆ ಮನೆಯ ಭಯ ಏನೆಂಬುದು ನಮಗೆ ತಿಳಿಯುವುದು ಅವಳಿಂದಲೇ. ಕೊಲೆಗಾರನ ಭಯವನ್ನು ಕುರಿತು ಇಷ್ಟು ಬರೆದ ಎರಡನೇ ಆಟ ಅವರು, ಅವನೊಂದಿಗೆ ಸಂಸಾರ ಮಾಡುವವಳ ಭಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮಲೆನಾಡ ಮಂಜು

ಶಾಲ್ಮಲೆ ತೀರ ಅವರ ಮಾತನ್ನು ಒಪ್ಪುತ್ತೇನೆ, ಆದರೆ ‘ಆಪ್ತಮಿತ್ರ’ದ ಮೂಲವಾದ ಮಲಯಾಳದ ‘ಮಣಿಚಿತ್ರತ್ತಾಳ್’ ಚಿತ್ರಕ್ಕೆ ಆ ಟೀಕೆ ಪೂರ್ತಿಯಾಗಿ ಹೊಂದುವುದಿಲ್ಲ. 1993ರ ಆ ಚಿತ್ರದಲ್ಲಿ ಶೋಭನಾ ಅವರ ಗಂಗಾ ಚಿಕ್ಕಂದಿನಲ್ಲಿ ಒಂಟಿಯಾಗಿ ಬೆಳೆದವಳು ಎಂಬುದಕ್ಕೆ ನಿರ್ದೇಶಕ ಫಾಜಿಲ್ ಜಾಗ ಕೊಟ್ಟಿದ್ದಾರೆ. ಆ ಪಾತ್ರಕ್ಕೆ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ. ನಮ್ಮ ಸೌಂದರ್ಯ ಅವರೂ ಕಡಿಮೆಯೇನಿರಲಿಲ್ಲ. ಚಿತ್ರ ತೆರೆಗೆ ಬರುವ ಹೊತ್ತಿಗೆ ಅವರು ವಿಮಾನ ದುರಂತದಲ್ಲಿ ತೀರಿಕೊಂಡಿದ್ದರು, ಅದು ಗೊತ್ತಿದ್ದು ಆ ಕೊನೆಯ ನೃತ್ಯವನ್ನು ನೋಡಿದ ಪ್ರೇಕ್ಷಕರ ಮನಸ್ಥಿತಿಯೇ ಬೇರೆಯಾಗಿತ್ತು.

ನೇತ್ರಾವತಿ

‘ರಂಗಿತರಂಗ’ವನ್ನು ದೆವ್ವದ ಚಿತ್ರಗಳ ಸಾಲಿಗೆ ಸೇರಿಸಿದ್ದಕ್ಕೆ ಕರಾವಳಿಯವನಾಗಿ ನನ್ನ ಆಕ್ಷೇಪವಿದೆ. ಆ ಚಿತ್ರದಲ್ಲಿ ಹೆದರಿಸಲು ಬಳಸಿದ್ದು ದೈವದ ವೇಷವನ್ನು, ಆದರೆ ನಮ್ಮಲ್ಲಿ ದೈವ ಹೆದರಿಸಲು ಬರುವುದಿಲ್ಲ. ದೈವಾರಾಧನೆಯ ಕೋಲದ ರಾತ್ರಿ ಮನೆಯವರೆಲ್ಲ ಕೈಮುಗಿದು ನಿಂತು ತಮ್ಮ ದೂರನ್ನು ಹೇಳಿಕೊಳ್ಳುತ್ತಾರೆ, ದೈವ ನುಡಿ ಕೊಡುತ್ತದೆ. ಜಮೀನಿನ ತಕರಾರು, ಅಣ್ಣತಮ್ಮಂದಿರ ಮನಸ್ತಾಪ, ಹೇಳಿದ ಹರಕೆ ತೀರಿಸದೆ ಇದ್ದದ್ದು, ಎಲ್ಲವೂ ಅಲ್ಲಿ ವಿಚಾರಣೆಗೆ ಬರುತ್ತವೆ. ಹಿನ್ನೆಲೆ ಸಂಗೀತವನ್ನು ಏರಿಸಿ, ದೀಪ ಆರಿಸಿ, ಆ ಮುಖವರ್ಣಿಕೆಯನ್ನು ಬೆದರಿಕೆಯ ವಸ್ತುವನ್ನಾಗಿ ತೋರಿಸಿದರೆ ಕರಾವಳಿಯ ಆಚೆಯವರಿಗೆ ತಪ್ಪು ತಿಳಿವಳಿಕೆ ಹೋಗುತ್ತದೆ. 2022ರ ‘ಕಾಂತಾರ’ದ ಕೊನೆಯ ಭಾಗದಲ್ಲಿ ಹೆದರಬೇಕಾದವನು ಜಮೀನು ಕಸಿದವನೇ ಹೊರತು ಊರಿನವರಲ್ಲ ಎಂಬುದಾದರೂ ಸ್ಪಷ್ಟವಾಗಿದೆ.

ಇನ್ನು ಮೂಲ ಪ್ರಶ್ನೆಗೆ ಬರುತ್ತೇನೆ. ಎರಡನೇ ಆಟ ಅವರು ‘ಗರುಡ ಗಮನ ವೃಷಭ ವಾಹನ’ವನ್ನು ನೋಡಿಲ್ಲವೇ? 2021ರ ಆ ಚಿತ್ರ ಮಂಗಳೂರಿನ ಮಂಗಳಾದೇವಿಯ ಆಸುಪಾಸಿನಲ್ಲಿ ನಡೆಯುತ್ತದೆ. ರಾಜ್ ಬಿ. ಶೆಟ್ಟಿ ಮಾಡಿದ ಶಿವ ಹೆಚ್ಚು ಮಾತನಾಡುವುದಿಲ್ಲ. ಹುಡುಗರೊಂದಿಗೆ ಕ್ರಿಕೆಟ್ ಆಡುವಾಗಲೂ, ಕೊಲ್ಲುವಾಗಲೂ ಅವನ ನಡಿಗೆ ಒಂದೇ ಬಗೆಯದು. ಹುಲಿವೇಷದ ಹೆಜ್ಜೆ ಹಾಕುವಾಗ ಮಾತ್ರ ಒಳಗಿದ್ದದ್ದೆಲ್ಲ ಹೊರಗೆ ಬರುತ್ತದೆ. ನವರಾತ್ರಿಯಲ್ಲಿ ತಾಸೆಯ ಸದ್ದು ಕೇಳಿ ಬೆಳೆದ ನಮಗೆ ಅದೇ ಸದ್ದು ಅಲ್ಲಿ ದಿಗಿಲು ಹುಟ್ಟಿಸಿತು. ಹೆದರುವವನೂ ಇದ್ದಾನೆ: ವರ್ಗವಾಗಿ ಬಂದ ಪೊಲೀಸ್ ಅಧಿಕಾರಿ ಬ್ರಹ್ಮಯ್ಯ. ಆ ಊರಿನ ರೌಡಿಗಳ ನಡುವೆ ಅವನು ಅಸಹಾಯಕನಾಗಿ ನಿಂತದ್ದನ್ನು ನೋಡಿದರೆ, ಇಲಾಖೆಯಲ್ಲಿ ಕೆಲಸ ಮಾಡುವ ಯಾರಿಗಾದರೂ ಅದು ನಿಜವೆನಿಸುತ್ತದೆ.

ಪ್ರೊಜೆಕ್ಟರ್ ಕೋಣೆ

ನಾನು ಚಿತ್ರಮಂದಿರವೊಂದರಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದವನು. ಮೇಲಿನ ಸಣ್ಣ ಕಿಟಕಿಯಿಂದ ಪರದೆಗಿಂತ ಹೆಚ್ಚಾಗಿ ಜನರ ತಲೆಗಳನ್ನು ನೋಡಿದ್ದೇನೆ, ಅದರಿಂದ ತಿಳಿದದ್ದನ್ನು ಹೇಳುತ್ತೇನೆ. ದೊಡ್ಡ ಸದ್ದಿಗೆ ಜನ ಬೆಚ್ಚುತ್ತಾರೆ, ಕೂಡಲೇ ಪಕ್ಕದವರನ್ನು ನೋಡಿ ನಗುತ್ತಾರೆ. ನಕ್ಕ ಮೇಲೆ ಅವರನ್ನು ಮತ್ತೆ ಹೆದರಿಸಲು ಬಹಳ ಹೊತ್ತು ಬೇಕು. ಸದ್ದು ನಿಂತಾಗ ಮಾತ್ರ ತಲೆಗಳು ಅಲುಗಾಡುವುದಿಲ್ಲ. 2003ರ ‘ಭೂತ್’ ಚಿತ್ರದಲ್ಲಿ ಹಾಡುಗಳಿರಲಿಲ್ಲ. ಎತ್ತರದ ಕಟ್ಟಡದ ಒಂದು ಫ್ಲಾಟು, ಲಿಫ್ಟು, ಹಾಲ್‌ನಲ್ಲಿ ಉರಿಯುತ್ತಿರುವ ದೀಪ, ಇಷ್ಟರಲ್ಲಿಯೇ ಕಥೆ ನಡೆಯಿತು. ಊರ್ಮಿಳಾ ರಾತ್ರಿ ಎದ್ದು ನಡೆಯುವಾಗ ಜನ ಕಡಲೆಕಾಯಿ ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದದ್ದನ್ನು ಕಂಡಿದ್ದೇನೆ. ಹಾಡು ಬಂದರೆ ಅರ್ಧ ಮಂದಿ ಹೊರಗೆ ಹೋಗುತ್ತಾರೆ, ಕಟ್ಟಿದ ಭಯವೂ ಅವರ ಜೊತೆಗೇ ಹೊರಗೆ ಹೋಗುತ್ತದೆ.

ಹಳೆಯ ರೆಕಾರ್ಡು

ಹಾಡಿನಿಂದ ಭಯ ಕೆಡುತ್ತದೆ ಎಂಬ ಮಾತನ್ನು ನಾನು ಒಪ್ಪಲಾರೆ. 1949ರ ‘ಮಹಲ್’ ಚಿತ್ರದಲ್ಲಿ ಹಾಡೇ ದೆವ್ವ. ಖೇಮಚಂದ್ ಪ್ರಕಾಶ್ ಅವರ ಸಂಗೀತದಲ್ಲಿ ಲತಾ ಅವರ ಧ್ವನಿ ದೂರದಲ್ಲೆಲ್ಲೋ ಆರಂಭವಾಗಿ ಹತ್ತಿರ ಬರುತ್ತದೆ, ಅಶೋಕ್ ಕುಮಾರ್ ಅದನ್ನು ಹಿಂಬಾಲಿಸುತ್ತಾರೆ, ಹಾಡು ನಿಂತ ಕಡೆ ಯಾರೂ ಇರುವುದಿಲ್ಲ. ಉಯ್ಯಾಲೆಯೊಂದು ತೂಗುತ್ತದೆ, ದೀಪಗಳ ಬೆಳಕು ಅಲುಗುತ್ತದೆ, ರಕ್ತವಿಲ್ಲ, ಕಿರಿಚಾಟವಿಲ್ಲ. ‘ಬೀಸ್ ಸಾಲ್ ಬಾದ್’, ‘ವೋ ಕೌನ್ ಥಿ’ ಮುಂತಾದ ಚಿತ್ರಗಳು ಅದೇ ದಾರಿಯಲ್ಲಿ ನಡೆದವು. ಹಾಡು ತಪ್ಪಲ್ಲ, ಕಥೆಗೆ ಸಂಬಂಧವಿಲ್ಲದ ಹಾಡನ್ನು ತಂದು ತುರುಕುವುದು ತಪ್ಪು.

ಪ್ರೊಜೆಕ್ಟರ್ ಕೋಣೆ

ಅಂಥ ಹಾಡು ಈಗ ಬರೆಯುವವರು ಯಾರಿದ್ದಾರೆ, ಸರ್?

ಹಳೆಯ ರೆಕಾರ್ಡು

‘ಗರುಡ ಗಮನ’ದಲ್ಲಿ ಹಿಂಸೆಯ ನಡುವೆ ‘ಸೋಜುಗದ ಸೂಜುಮಲ್ಲಿಗೆ’ಯನ್ನು ಬಳಸಿದ ರೀತಿ ನಿಮ್ಮ ಪ್ರಶ್ನೆಗೆ ಉತ್ತರ. ಮಾದೇವನನ್ನು ಕರೆಯುವ ಜನಪದ ಹಾಡು ಅದು. ಹೊಸದಾಗಿ ಬರೆಯಬೇಕೆಂದೇನೂ ಇಲ್ಲ, ಎಲ್ಲಿ ಇಡಬೇಕೆಂಬುದು ತಿಳಿದಿದ್ದರೆ ಸಾಕು.

ಬೆಳಗಾವಿ ಮಳೆ

ಎರಡನೇ ಆಟ ಅವರು ರೌಡಿಗಳ ಚಿತ್ರ, ದೆವ್ವದ ಚಿತ್ರ ಎಂದು ಎರಡು ಗುಂಪು ಮಾಡಿದ್ದಾರೆ. 2018ರ ‘ತುಂಬಾಡ್’ ನೋಡಿದ ಮೇಲೆ ನನಗೆ ಆ ಗೋಡೆ ಬಿದ್ದುಹೋಯಿತು. ವಿನಾಯಕ ಹಿಟ್ಟಿನ ಗೊಂಬೆಯನ್ನು ಹಿಡಿದು ಹಗ್ಗದಿಂದ ಆ ಕೆಂಪು ಗರ್ಭದೊಳಗೆ ಇಳಿಯುತ್ತಾನೆ. ಅಲ್ಲಿರುವ ಹಸ್ತರ್ ಎಂಬ ಹಸಿದ ದೇವತೆ ಗೊಂಬೆಗೆ ಬಾಯಿ ಹಾಕಿದ ಕ್ಷಣದಲ್ಲಿ ವಿನಾಯಕ ಅವನ ಕಚ್ಚೆಯಿಂದ ಚಿನ್ನದ ನಾಣ್ಯಗಳನ್ನು ಕಿತ್ತು ಮೇಲೇರುತ್ತಾನೆ. ತಿಂಗಳು ಕಳೆಯುತ್ತಲೇ ಮತ್ತೆ ಬರುತ್ತಾನೆ. ಕಸುಬನ್ನು ಮಗನಿಗೂ ಕಲಿಸುತ್ತಾನೆ. ಬಡ ಹುಡುಗ ಅಡ್ಡದಾರಿ ಹಿಡಿದು ಮೇಲೆ ಬಂದು, ಆಸೆ ಹೆಚ್ಚಾಗಿ ಬೀಳುವ ಕಥೆ ಇದು. ‘ವಾಸ್ತವ್’ ಚಿತ್ರದ ರಘು ಚಿನ್ನದ ಸರ ತೊಟ್ಟು ತಾಯಿಯ ಮುಂದೆ ಬಂದು ನಿಂತಾಗ ಅವನ ಕಣ್ಣಲ್ಲಿದ್ದ ಹೊಳಪಿಗೂ ವಿನಾಯಕನ ಕಣ್ಣಿನ ಹೊಳಪಿಗೂ ವ್ಯತ್ಯಾಸವಿಲ್ಲ. ‘ತುಂಬಾಡ್’ ಚಿತ್ರದ ಮಳೆಯನ್ನು ನಿಜವಾದ ಮಳೆಗಾಲಗಳಲ್ಲಿ ಕಾದು ಚಿತ್ರೀಕರಿಸಿದರು. ನಮ್ಮ ಕಡೆಯ ಮಳೆ ಬಲ್ಲವರಿಗೆ ಆ ಒದ್ದೆ ಗೋಡೆಗಳ ವಾಸನೆಯೇ ಬರುತ್ತದೆ.

ಅದೇ ರೀತಿ 2024ರ ‘ಭ್ರಮಯುಗಂ’. ಕಪ್ಪುಬಿಳುಪಿನ ಆ ಚಿತ್ರದಲ್ಲಿ, ತಪ್ಪಿಸಿಕೊಂಡು ಬಂದ ಹಾಡುಗಾರನೊಬ್ಬ ಪಾಳುಬಿದ್ದ ಮನೆಗೆ ಕಾಲಿಡುತ್ತಾನೆ. ಮಮ್ಮುಟ್ಟಿ ಅಲ್ಲಿನ ಒಡೆಯ. ಉಪಚರಿಸುತ್ತಾನೆ, ಊಟ ಹಾಕುತ್ತಾನೆ, ದಾಳದ ಆಟಕ್ಕೆ ಕರೆಯುತ್ತಾನೆ, ಹೊರಗೆ ಹೋಗಲು ಮಾತ್ರ ಬಿಡುವುದಿಲ್ಲ. ಸಾಲ ಕೊಟ್ಟು ಜೀತಕ್ಕೆ ಇಟ್ಟುಕೊಳ್ಳುವ ಧಣಿಗೂ ಅವನಿಗೂ ಏನು ಅಂತರ? ಮನುಷ್ಯನ ಭಯ ಬೇರೆ, ದೆವ್ವದ ಭಯ ಬೇರೆ ಎಂದು ನನಗೆ ಅನಿಸಲಿಲ್ಲ.

ಎರಡನೇ ಆಟ

ಎಲ್ಲರ ಬರಹಗಳನ್ನೂ ಗಮನವಿಟ್ಟು ಓದಿದೆ. ‘ತುಂಬಾಡ್’ ಕುರಿತು ಬೆಳಗಾವಿ ಮಳೆ ಅವರು ಬರೆದದ್ದು ನನ್ನ ವಾದವನ್ನು ಬಲಪಡಿಸುತ್ತದೆ, ಏಕೆಂದರೆ ವಿನಾಯಕ ಪ್ರತಿ ಸಲ ಇಳಿಯುವಾಗಲೂ ಹೆದರುತ್ತಾನೆ. ಉರಿಗಾಂ ಅವರ ಸಮರ್ಥನೆ ಒಳ್ಳೆಯದೇ, ಆದರೆ ನನ್ನ ತಕರಾರು ಒಂದು ಚಿತ್ರದ ಮೇಲಲ್ಲ. ಆ ಚಿತ್ರ ಗೆದ್ದ ಮೇಲೆ ಗಡ್ಡ ಬಿಟ್ಟ ನಾಯಕ, ಕಲ್ಲಿದ್ದಲಿನ ಬಣ್ಣದ ಪರದೆ, ಎರಡು ನಿಮಿಷಕ್ಕೊಂದು ಪಂಚ್ ಡೈಲಾಗ್ ಎಂಬ ಅಚ್ಚಿನಲ್ಲಿ ಹೊಯ್ದ ಚಿತ್ರಗಳ ಮೇಲೆ ನನ್ನ ತಕರಾರು. ಅವುಗಳಲ್ಲಿ ಸಾಯುವವರಿಗೆ ಹೆಸರೇ ಇರುವುದಿಲ್ಲ. ‘ಟಗರು’ ಚಿತ್ರದಲ್ಲಿ ಡಾಲಿ ಮತ್ತು ಚಿಟ್ಟೆ ಎಂಬ ರೌಡಿಗಳು ಕೊಲ್ಲುವವರಿಗೆ ಹೆಸರಿತ್ತು, ಮನೆಯಿತ್ತು. ಸೂರಿಯವರು ಕಥೆಯನ್ನು ಹಿಂದೆ ಮುಂದೆ ಮಾಡಿ ಹೇಳಿದ್ದರಿಂದ, ಸಾಯುವನೆಂದು ತಿಳಿದವನನ್ನೇ ಮತ್ತೆ ಜೀವಂತವಾಗಿ ನೋಡಬೇಕಾಗುತ್ತಿತ್ತು.

ಸಂಜೆ ಮಲ್ಲೇಶ್ವರ

ಹಾಸ್ಯದ ಮೇಲೆ ಅಷ್ಟು ಕೋಪ ಬೇಡ. 2018ರ ‘ಸ್ತ್ರೀ’ ಚಿತ್ರಕ್ಕೆ ಪ್ರೇರಣೆಯಾದದ್ದು ಬೆಂಗಳೂರಿನಲ್ಲಿ ಹಿಂದೆ ಹಬ್ಬಿದ್ದ ‘ನಾಳೆ ಬಾ’ ಸುದ್ದಿ. ರಾತ್ರಿ ಬಾಗಿಲು ತಟ್ಟಿ ಪರಿಚಿತರ ಧ್ವನಿಯಲ್ಲಿ ಕರೆಯುವ ಹೆಂಗಸು ಓದಿ ಹಿಂತಿರುಗಲೆಂದು ಜನ ಬಾಗಿಲ ಮೇಲೆ ಹಾಗೆ ಬರೆದರು. ಕಥೆಯನ್ನು ಮಧ್ಯಪ್ರದೇಶದ ಚಂದೇರಿಗೆ ಒಯ್ದು, ಹೆದರುವ ಸರದಿಯನ್ನು ಗಂಡಸರಿಗೆ ಕೊಟ್ಟದ್ದರಿಂದಲೇ ಅಲ್ಲಿ ನಗು ಹುಟ್ಟಿತು. ರಾತ್ರಿ ಹೊರಗೆ ಹೋಗಲು ಅಂಜುವ ಗಂಡಸರನ್ನು ಮನೆಯ ಹೆಂಗಸರು ಎಚ್ಚರಿಸಿ ಕಳುಹಿಸುತ್ತಾರೆ. ಶಾಲ್ಮಲೆ ತೀರ ಅವರ ಪ್ರಶ್ನೆಗೆ ಆ ಚಿತ್ರ ಸ್ವಲ್ಪಮಟ್ಟಿಗೆ ಉತ್ತರಿಸಿದೆ ಎಂದು ನನ್ನ ನಂಬಿಕೆ.

ಶಾಲ್ಮಲೆ ತೀರ

ಸ್ವಲ್ಪಮಟ್ಟಿಗೆ ಎಂಬುದನ್ನು ಒಪ್ಪುತ್ತೇನೆ. ಆದರೆ ಅಲ್ಲಿಯೂ ಊರನ್ನು ದೆವ್ವದಿಂದ ಬಿಡಿಸುವ ಕೆಲಸ ನಾಯಕನ ಪಾಲಿಗೇ ಬಂತು.

ಗಾಂಧಿ ಕ್ಲಾಸ್

‘ಜೋಗಿ’ಯನ್ನು ಯಾರೂ ನೆನೆಯಲಿಲ್ಲ. 2005ರ ಆ ಚಿತ್ರದಲ್ಲಿ ಅರುಂಧತಿ ನಾಗ್ ಅವರು ಮಗನನ್ನು ಹುಡುಕಿಕೊಂಡು ಹಳ್ಳಿಯಿಂದ ಬೆಂಗಳೂರಿಗೆ ಬರುತ್ತಾರೆ. ಮಗ ಅದೇ ಊರಿನಲ್ಲಿ ದೊಡ್ಡ ರೌಡಿಯಾಗಿದ್ದಾನೆ, ಇಬ್ಬರೂ ಒಬ್ಬರನ್ನೊಬ್ಬರು ತಪ್ಪಿಸಿಕೊಂಡು ಸಾಗುತ್ತಿರುತ್ತಾರೆ. ಮಚ್ಚು ಬೀಸಿದಾಗ ಸುಮ್ಮನಿದ್ದ ಪ್ರೇಕ್ಷಕರು, ಆ ತಾಯಿ ಬೀದಿಯಲ್ಲಿ ಒಬ್ಬಳೇ ನಡೆಯುವಾಗ ಈಗ ಸಿಗುತ್ತಾನೋ ಇಲ್ಲವೋ ಎಂದು ಸೀಟಿನ ತುದಿಗೆ ಬಂದಿದ್ದರು. ಎರಡನೇ ಆಟ ಅವರು ಕೇಳಿದ ಭಯ ಇದಲ್ಲವೆಂದಾದರೆ ಯಾವುದು ಎಂಬುದನ್ನು ತಿಳಿಸಬೇಕು.

ಎರಡನೇ ಆಟ

ಅದು ಭಯವೇ ಹೌದು, ಆದರೆ ಆ ಚಿತ್ರ ಹಾಡುಗಳಿಗೂ ಹೊಡೆದಾಟಗಳಿಗೂ ಕೊಟ್ಟಷ್ಟು ಹೊತ್ತನ್ನು ಆ ತಾಯಿಗೆ ಕೊಡಲಿಲ್ಲ ಎಂಬುದು ನನ್ನ ದೂರು. ‘ಓಂ’ ಕುರಿತ ನಿಮ್ಮ ಮಾತನ್ನು ಮಾತ್ರ ಪೂರ್ತಿಯಾಗಿ ಒಪ್ಪಿದ್ದೇನೆ.

ಗಾಂಧಿ ಕ್ಲಾಸ್

ಹಾಡುಗಳಿಲ್ಲದೆ ‘ಜೋಗಿ’ಯೇ ಇಲ್ಲ. ಈ ವಿಷಯದಲ್ಲಿ ನಾನು ನಿಮ್ಮೊಂದಿಗೆ ಇಲ್ಲ.